ವಾಹನದ ಸದ್ದಿನ ಮೂಲವನ್ನು ಕಂಡುಹಿಡಿಯುವ ಕ್ರಮ

ವಯನಾಡಿನ ವೆಳ್ಳಮುಂಡದ ಸುತ್ತಿನ ಪ್ರದೇಶವನ್ನು ಕಂಡವರಿಗೆ ಅಲ್ಲಿನ ದಾರಿಗಳು ಎಂತಹವು ಎಂಬುದು ತಿಳಿದೇ ಇದೆ. ಒಂದು ಕಡೆ ಬಾಣಾಸುರ ಬೆಟ್ಟದ ಇಳಿಜಾರಿನ ತೋಟಗಳು. ಇನ್ನೊಂದು ಕಡೆ ಪಕ್ರಂತಳಂ ಘಟ್ಟವನ್ನು ಹಾಯ್ದು ಕುಟ್ಯಾಡಿಗೆ ಇಳಿಯುವ ಮಾರ್ಗ. ಕಾಫಿ, ಮೆಣಸು, ಅಡಕೆ, ಬಾಳೆಗೊನೆಗಳನ್ನು ಇಂತಹ ಸ್ಥಳಗಳಿಂದ ಪೇಟೆಗೆ ಸಾಗಿಸಲು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಒದಗುವ ಜೀಪು, ಪಿಕಪ್ಪುಗಳೇ ಬೇಕು. ಗಾಡಿಯ ಅಡಿಯಿಂದ ಹೊಸದೊಂದು ಸದ್ದು ಕೇಳಿಬಂದರೆ ಯಜಮಾನನಿಗೆ ಎರಡು ಚಿಂತೆಗಳು: ಘಟ್ಟದಲ್ಲಿ ಏನಾದರೂ ಮುರಿದೀತೆ? ದುರಸ್ತಿಗೆ ಎಷ್ಟು ಹಣ ಹೋದೀತು? ಕಾರಣ ತಿಳಿಯದೆ ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋದರೆ ಹಣವೂ ಹೋಗುವುದು, ಸದ್ದೂ ಉಳಿಯುವುದು. ಆದುದರಿಂದ ಸದ್ದಿನ ಮೂಲವನ್ನು ಹುಡುಕುವ ಕ್ರಮವನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಮೊದಲು ಶಕ್ತಿಯು ಸಾಗುವ ದಾರಿಯನ್ನು ನೋಡೋಣ. ಎಂಜಿನ್ನಿನ ಶಕ್ತಿ ಕ್ಲಚ್ಚಿನ ಮೂಲಕ ಗೇರ್‌ಬಾಕ್ಸಿಗೂ ಅಲ್ಲಿಂದ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಗೂ ಬರುತ್ತದೆ. ಈ ಪೆಟ್ಟಿಗೆಯಿಂದ ಹಿಂದಕ್ಕೆ ಒಂದು, ಮುಂದಕ್ಕೆ ಒಂದು, ಹೀಗೆ ಎರಡು ಉದ್ದನೆಯ ಪ್ರೊಪೆಲ್ಲರ್ ಶಾಫ್ಟುಗಳು ಹೊರಡುತ್ತವೆ. ಅವು ಹಿಂದಿನ ಮತ್ತು ಮುಂದಿನ ಡಿಫರೆನ್ಷಿಯಲ್‌ಗಳನ್ನು ಸೇರಿ ಚಕ್ರಗಳನ್ನು ತಿರುಗಿಸುತ್ತವೆ. ಗಾಡಿ ಕುಲುಕಿದಾಗ ಶಾಫ್ಟಿನ ಓರೆ ಬದಲಾಗುತ್ತಿರುವುದರಿಂದ ಅದರ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟು ಎಂಬ ಕೀಲುಗಳಿರುತ್ತವೆ. ಪ್ರತಿಯೊಂದು ಕೀಲಿನೊಳಗೂ ಕೂಡುಗುರುತಿನ ಆಕಾರದ ಒಂದು ಉಕ್ಕಿನ ಕ್ರಾಸು, ಅದರ ನಾಲ್ಕು ತುದಿಗಳಲ್ಲಿ ಸೂಜಿಯಂತಹ ಉರುಳೆಗಳುಳ್ಳ ಬೇರಿಂಗುಗಳು ಇವೆ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಳೆಗಾಲ ಮುಗಿದ ಮೇಲೆ ಒಂದು ಪಿಕಪ್ಪಿನ ಅಡಿಯಿಂದ ಹಕ್ಕಿ ಚಿಲಿಪಿಲಿಗುಟ್ಟಿದಂತೆ ‘ಕೀಚ್ ಕೀಚ್’ ಎಂಬ ಸದ್ದು ಬರತೊಡಗಿದೆ. ಗೇರ್‌ಬಾಕ್ಸನ್ನು ಬಿಚ್ಚಬೇಕೆಂದು ಒಬ್ಬರು, ಚಕ್ರದ ಬೇರಿಂಗು ಹೋಗಿದೆಯೆಂದು ಮತ್ತೊಬ್ಬರು ಹೇಳುತ್ತಾರೆ. ನಾವು ಒಂದು ಸಲಕ್ಕೆ ಒಂದು ಸ್ಥಿತಿಯನ್ನು ಮಾತ್ರ ಬದಲಾಯಿಸಿ ನೋಡೋಣ.

ಮೊದಲನೆಯದು: ಗಾಡಿ ನಿಂತಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ನಿನ ವೇಗವನ್ನು ಏರಿಸಿ ಇಳಿಸಿರಿ, ಕ್ಲಚ್ಚನ್ನು ತುಳಿದು ಬಿಡಿರಿ. ಸದ್ದಿಲ್ಲವಾದರೆ ಎಂಜಿನ್ನು, ಕ್ಲಚ್ಚು ಬಹುಮಟ್ಟಿಗೆ ನಿರಪರಾಧಿಗಳು.

ಎರಡನೆಯದು: ಸಮತಟ್ಟಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ಗಾಡಿ ಓಡುತ್ತಿರುವಾಗ ಗೇರನ್ನು ನ್ಯೂಟ್ರಲ್ಲಿಗೆ ತನ್ನಿರಿ. ಎಂಜಿನ್ನಿನ ವೇಗ ಇಳಿದರೂ ಸದ್ದಿನ ಲಯ ಬದಲಾಗದಿದ್ದರೆ ಅದು ಚಕ್ರಗಳ ಓಟವನ್ನು ಅನುಸರಿಸುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಘಟ್ಟದ ಇಳಿಜಾರಿನಲ್ಲಿ ಎಂದಿಗೂ ಮಾಡಕೂಡದು.

ಮೂರನೆಯದು: ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿರಿ. ಗಾಡಿ ಎಡಕ್ಕೆ ತಿರುಗಿದಾಗ ಭಾರ ಬಲಚಕ್ರಗಳ ಮೇಲೆ ಬೀಳುತ್ತದೆ. ಬಲಕ್ಕೆ ತಿರುಗಿದಾಗ ಎಡಚಕ್ರಗಳ ಮೇಲೆ. ಚಕ್ರದ ಬೇರಿಂಗು ಸವೆದಿದ್ದರೆ ಸಾಮಾನ್ಯವಾಗಿ ಸದ್ದು ಇದರಿಂದ ಹೆಚ್ಚು ಕಡಿಮೆಯಾಗುವುದು. ನಮ್ಮ ಗಾಡಿಯಲ್ಲಿ ಹಾಗಾಗಲಿಲ್ಲ.

ನಾಲ್ಕನೆಯದು ಲೆಕ್ಕ. ಚಕ್ರದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಗಾಡಿಯನ್ನು ನಡಿಗೆಯ ವೇಗದಲ್ಲಿ ಓಡಿಸಲಿ. ಇನ್ನೊಬ್ಬರು ದೂರ ಸರಿದು ನಿಂತು ಎಣಿಸಲಿ. ಚಕ್ರದ ಒಂದು ಸುತ್ತಿಗೆ ಒಂದೇ ಸದ್ದಾದರೆ ದೋಷ ಚಕ್ರದ ಬಳಿ ಇರಬಹುದು. ಪ್ರೊಪೆಲ್ಲರ್ ಶಾಫ್ಟಾದರೋ ಚಕ್ರಕ್ಕಿಂತ ಬೇಗ ತಿರುಗುತ್ತದೆ. ಎರಡನೆಯ ಮಹಾಯುದ್ಧ ಕಾಲದ ವಿಲ್ಲೀಸ್ ಜೀಪಿನಲ್ಲಿ ಚಕ್ರ ಒಂದು ಸುತ್ತು ತಿರುಗಿದರೆ ಶಾಫ್ಟು 4.88 ಸುತ್ತು ತಿರುಗುತ್ತಿತ್ತು. ನಮ್ಮ ಗಾಡಿಯಲ್ಲಿ ಈ ಪ್ರಮಾಣ 4 ಎಂದಿಟ್ಟುಕೊಳ್ಳೋಣ. ಎಣಿಸಿದಾಗ ಸುತ್ತಿಗೆ ನಾಲ್ಕು ಸದ್ದು ಬಂದರೆ ಸಂದೇಹ ಶಾಫ್ಟುಗಳ ಮೇಲೆ ಬೀಳುವುದು.

ಆದರೆ ಯಾವ ಶಾಫ್ಟು? ‘ಎರಡೇ ಚಕ್ರಗಳ ಶಕ್ತಿಯಲ್ಲಿ ಓಡಿಸುತ್ತಿದ್ದೇನೆ, ಮುಂದಿನದು ಸುಮ್ಮನಿದೆಯಲ್ಲ’ ಎಂದು ಚಾಲಕನು ಹೇಳಬಹುದು. ಇಲ್ಲಿಯೇ ರಹಸ್ಯವಿದೆ. ಕೆಲವು ಗಾಡಿಗಳ ಮುಂದಿನ ಚಕ್ರಗಳ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ ಎಂಬ ಕೀಲಿ ಇರುತ್ತದೆ. ಅದನ್ನು ಕೂಡಿಸಿಯೇ ಬಿಟ್ಟಿದ್ದರೆ, ಎಂಜಿನ್ನು ತಿರುಗಿಸದಿದ್ದರೂ ರಸ್ತೆಯ ಮೇಲೆ ಉರುಳುವ ಚಕ್ರಗಳೇ ಮುಂದಿನ ಶಾಫ್ಟನ್ನು ತಿರುಗಿಸುತ್ತಿರುತ್ತವೆ! ಎರಡೂ ಹಬ್ಬುಗಳನ್ನು ಬಿಡಿಸಿ ಓಡಿಸಿದಾಗ ಸದ್ದು ಅಡಗಿತು. ಆದುದರಿಂದ ದೋಷವು ಮುಂದಿನ ಶಾಫ್ಟಿನಲ್ಲಿ ಅಥವಾ ಅದು ಸೇರುವ ಡಿಫರೆನ್ಷಿಯಲ್‌ನಲ್ಲಿ ಇರಬೇಕು.

ಇನ್ನು ಕಣ್ಣಿನ ಪರೀಕ್ಷೆ. ಇದು ತಿಳಿದವರು ಮಾಡತಕ್ಕ ಕೆಲಸ; ಮಕ್ಕಳು ಗಾಡಿಯ ಅಡಿಗೆ ಹೋಗಬಾರದು. ಎಂಜಿನ್ನನ್ನು ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ಅಲುಗಾಡಿಸಬೇಕು. ಕೀಲಿನಲ್ಲಿ ಸಡಿಲವಿದ್ದು, ಕ್ರಾಸಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅಪರಾಧಿ ಸಿಕ್ಕಿದಂತೆ. ಮಳೆಗಾಲದಲ್ಲಿ ಕೆಸರು, ತೊರೆಯ ನೀರು ಒಳಗೆ ಹೊಕ್ಕು ಗ್ರೀಸನ್ನು ತೊಳೆಯುತ್ತವೆ; ಒಣಗಿದ ಉರುಳೆಗಳು ತುಕ್ಕು ಹಿಡಿದು ಕಿರುಗುಟ್ಟುತ್ತವೆ. ಬದಲಾಯಿಸಬೇಕಾದುದು ಒಂದು ಚಿಕ್ಕ ಕ್ರಾಸು ಮಾತ್ರ. ಗೇರ್‌ಬಾಕ್ಸನ್ನು ಬಿಚ್ಚಬೇಕಾಗಿಯೇ ಇರಲಿಲ್ಲ.

ಚಿಕ್ಕದೆಂದು ಉಪೇಕ್ಷಿಸುವುದೂ ಸಲ್ಲದು. ಮುಂದಿನ ಶಾಫ್ಟಿನ ಕೀಲು ಮುರಿದು ತುದಿ ಕೆಳಗೆ ಬಿದ್ದರೆ ಅದು ರಸ್ತೆಗೆ ನಾಟುವ ಅಪಾಯವಿದೆ. ಹಿಂದಿನ ಶಾಫ್ಟಿನ ಕೀಲು ಸವೆದಾಗ ಗಾಡಿ ಹೊರಡುವ ಕ್ಷಣದಲ್ಲಿ ‘ಟಕ್’ ಎಂಬ ಸದ್ದು ಬರುವುದುಂಟು. ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಕೈಬ್ರೇಕು ಇರುವುದು ಚಕ್ರಗಳಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಅಲ್ಲಿ ಹಿಂದಿನ ಶಾಫ್ಟು ಕಳಚಿದರೆ, ಎರಡೇ ಚಕ್ರಗಳ ಶಕ್ತಿಯಲ್ಲಿ ಓಡುತ್ತಿರುವ ಗಾಡಿಗೆ ಎಂಜಿನ್ನಿನ ಹಿಡಿತವೂ ಕೈಬ್ರೇಕಿನ ಹಿಡಿತವೂ ಒಮ್ಮೆಗೇ ತಪ್ಪಿಹೋಗುವುವು. ಘಟ್ಟದಲ್ಲಿ ಇದರ ಪರಿಣಾಮ ಏನೆಂದು ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಗಾಡಿಯಲ್ಲಿ ಸದ್ದು ಕೇಳಿದರೆ ಒಂದು ಕಾಗದದಲ್ಲಿ ಹೀಗೆ ಬರೆದಿಡಿರಿ: ಯಾವ ವೇಗದಲ್ಲಿ ಬರುತ್ತದೆ, ನಿಂತಾಗ ಇದೆಯೇ, ತಿರುವಿನಲ್ಲಿ ಬದಲಾಗುತ್ತದೆಯೇ, ಚಕ್ರದ ಸುತ್ತಿಗೆ ಎಷ್ಟು ಸಲ. ಆ ಕಾಗದವನ್ನು ತಂದೆಯವರ ಕೈಯಲ್ಲಿ ವರ್ಕ್‌ಶಾಪಿಗೆ ಕಳುಹಿಸಿರಿ. ಮೆಕ್ಯಾನಿಕ್ಕಿನ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತಾಗುವುದು.