ಹೆಸರೊಂದೇ, ದಫ್ತರ ನಾಲ್ಕು

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡರು. ಅಲ್ಲಿಯವರೆಗೆ ದೇಶದ ನಾನಾ ಕಡೆ ಸಿಕ್ಕ ಶಾಸನಗಳಲ್ಲಿ ಇದ್ದದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ. ಆ ರಾಜ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಬಿರುದನ್ನೂ ಹೆಸರನ್ನೂ ಒಟ್ಟಿಗೆ ಹೇಳಿದ ಮೊದಲ ಶಾಸನ ಮಸ್ಕಿಯದು. ಎರಡು ದಾಖಲೆಗಳಲ್ಲಿರುವ ಎರಡು ಹೆಸರು ಒಬ್ಬನದೇ ಎಂದು ಗಟ್ಟಿಯಾಗಲು ಚಕ್ರವರ್ತಿಗೇ ಅಷ್ಟು ಕಾಲ ಹಿಡಿಯಿತು.

ಇಂದು ಅದೇ ಮಸ್ಕಿ, ಪಕ್ಕದ ಸಿಂಧನೂರು, ಲಿಂಗಸುಗೂರುಗಳ ಕಂಪ್ಯೂಟರ್ ಅಂಗಡಿಗಳಲ್ಲಿ ವಿದ್ಯಾರ್ಥಿ ವೇತನದ ಅರ್ಜಿ ತುಂಬಿಸಲು ನಿಲ್ಲುವ ಮಕ್ಕಳಿಗೂ ಎದುರಾಗುವುದು ಇದೇ ಪ್ರಶ್ನೆ. ಶಾಲೆಯ ದಾಖಲೆಯಲ್ಲಿ ‘ಹುಲಿಗೆಮ್ಮ’, ಆಧಾರ್‌ನಲ್ಲಿ ‘ಹುಲಗಮ್ಮ’. ಇಬ್ಬರೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು; ಕಂಪ್ಯೂಟರಿಗೆ ಗೊತ್ತಿಲ್ಲ!

ಹೀಗೇಕೆ? ತಂತ್ರಾಂಶ ಕಟ್ಟುವ ರೀತಿಯೇ ಬದಲಾಗಿದೆ. ಹಿಂದೆ ಪ್ರತಿ ಕಚೇರಿಯೂ ತನ್ನದೇ ತಂತ್ರಾಂಶ ಮಾಡಿಸಿಕೊಂಡು, ಅದೇ ವಿದ್ಯಾರ್ಥಿಯ ಹೆಸರು, ಜಾತಿ, ಆದಾಯಗಳನ್ನು ಮತ್ತೆ ಮತ್ತೆ ಟೈಪು ಮಾಡಿಸುತ್ತಿತ್ತು. ವಿದ್ಯಾರ್ಥಿ ಜೆರಾಕ್ಸ್ ಪ್ರತಿಗಳ ಕಟ್ಟು ಹಿಡಿದು, ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಕಾಯುತ್ತಿದ್ದ. ಈಗಿನದು ‘ಸೇವೆ’ ಆಧಾರಿತ ಪದ್ಧತಿ. ಪ್ರತಿ ಇಲಾಖೆಯೂ ತನ್ನ ದಫ್ತರವನ್ನು ತಾನೇ ಇಟ್ಟುಕೊಳ್ಳುತ್ತದೆ. ಆದರೆ ಅದಕ್ಕೊಂದು ಕಿಟಕಿ ಇಡುತ್ತದೆ. ಬೇರೆ ಇಲಾಖೆಯ ಕಂಪ್ಯೂಟರ್ ಆ ಕಿಟಕಿಗೆ ಬಂದು ಗೊತ್ತುಪಡಿಸಿದ ಪ್ರಶ್ನೆ ಕೇಳಿದರೆ, ಗೊತ್ತುಪಡಿಸಿದ ರೂಪದಲ್ಲಿ ಉತ್ತರ ಸಿಗುತ್ತದೆ. ಒಳಗಿನ ಯಂತ್ರ, ತಂತ್ರಾಂಶ ಯಾವುದಾದರೂ ಇರಲಿ, ಪ್ರಶ್ನೋತ್ತರದ ಕ್ರಮ ಬದಲಾಗಬಾರದು. ಇಷ್ಟೇ ಅದರ ಗುಟ್ಟು. ಶಿಕ್ಷಣ, ಸಂಶೋಧನೆಗೆ ಇದನ್ನೇ ಅಳವಡಿಸಬೇಕೆಂದು ಬ್ರಿಟನ್ನಿನ ‘ಜಿಸ್ಕ್’ ಸಂಸ್ಥೆ ಮತ್ತು ಆಸ್ಟ್ರೇಲಿಯಾದ ಶಿಕ್ಷಣ ಇಲಾಖೆ 2005ರ ಹೊತ್ತಿಗೇ ‘ಇ-ಫ್ರೇಮ್‌ವರ್ಕ್’ ಎಂಬ ಯೋಜನೆ ಹಾಕಿಕೊಂಡಿದ್ದವು.

ನಮ್ಮಲ್ಲಿ ಇದರ ಒಳ್ಳೆಯ ಉದಾಹರಣೆ ರಾಜ್ಯ ವಿದ್ಯಾರ್ಥಿ ವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳಿಗೆಲ್ಲ ಇಲ್ಲಿ ಅರ್ಜಿ ಒಂದೇ. ನಾಡಕಚೇರಿ ಕೊಟ್ಟ ಜಾತಿ-ಆದಾಯ ಪ್ರಮಾಣಪತ್ರದ ‘ಆರ್‌ಡಿ’ ಸಂಖ್ಯೆ ಒತ್ತಿದರೆ ವಿವರ ಕಂದಾಯ ಇಲಾಖೆಯ ದಫ್ತರದಿಂದ ಬರುತ್ತದೆ. ಶಾಲಾ ಮಕ್ಕಳ ವಿವರ ‘ಸ್ಯಾಟ್ಸ್’ನಿಂದ. ಗುರುತು ಆಧಾರ್‌ನಿಂದ. ಹಣ ಹೋಗುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಅದೇ ಆರ್‌ಡಿ ಸಂಖ್ಯೆ ಮುಂದೆ ಸಿಇಟಿ ಅರ್ಜಿಯಲ್ಲೂ ಕೆಲಸಕ್ಕೆ ಬರುತ್ತದೆ. ಮಸ್ಕಿ ಇನ್ನೂ ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ದಿನಗಳ ಓಡಾಟ ನೆನೆದರೆ ಇದು ಸಣ್ಣ ಅನುಕೂಲವಲ್ಲ. ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವ ತಂದೆ-ತಾಯಿಗೆ ಅದರ ಬೆಲೆ ಗೊತ್ತು.

ತೊಡಕೂ ಇಲ್ಲೇ ಇದೆ. ನಾಲ್ಕು ದಫ್ತರಗಳಲ್ಲಿ ಒಂದರ ಉತ್ತರ ತಪ್ಪಿದರೂ ಅರ್ಜಿ ನಿಂತಿತು. ಅಂಗಡಿಯ ಹುಡುಗನಿಗೆ ಅದನ್ನು ತಿದ್ದುವ ಅಧಿಕಾರವಿಲ್ಲ, ಪೋರ್ಟಲ್‌ಗೂ ಇಲ್ಲ. ತಪ್ಪು ಯಾವ ದಫ್ತರದ್ದೋ ಆ ಕಚೇರಿಯೇ ತಿದ್ದಬೇಕು. ಸ್ಯಾಟ್ಸ್‌ನ ತಪ್ಪಿಗೆ ಮುಖ್ಯೋಪಾಧ್ಯಾಯರು, ಜಾತಿ-ಆದಾಯಕ್ಕೆ ನಾಡಕಚೇರಿ, ಆಧಾರ್‌ಗೆ ಆಧಾರ್ ಕೇಂದ್ರ, ಖಾತೆ ಜೋಡಣೆಗೆ ಬ್ಯಾಂಕ್ ಶಾಖೆ. ಇದು ತಿಳಿಯದೆ ಅನೇಕರು ಬೇರೆ ಬಾಗಿಲನ್ನೇ ತಟ್ಟುತ್ತಾರೆ. ಹಳೆಯ ಗುಮಾಸ್ತ ಎದುರು ಕುಳಿತು ಬೈಯುತ್ತಿದ್ದರೂ ತಪ್ಪು ಎಲ್ಲಿದೆ ಎಂದಾದರೂ ಹೇಳುತ್ತಿದ್ದ. ಈಗ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿದರೆ ಅದನ್ನು ಓದಿ ಹೇಳುವವರಿಲ್ಲ. ಕಿಟಕಿ ಇಟ್ಟವರು ಅದರ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಮನುಷ್ಯನನ್ನೂ ಕೂರಿಸಬೇಕಿತ್ತು.

ಸಂಶೋಧನೆಯ ಲೋಕದಲ್ಲೂ ಇದೇ ಕಥೆ. ಖರಗ್‌ಪುರ ಐಐಟಿಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎಲ್ಲ ಪುಸ್ತಕಗಳನ್ನೂ ತಾನೇ ಹೊತ್ತು ತಂದು ಇಟ್ಟುಕೊಂಡಿಲ್ಲ. ಬೇರೆ ಬೇರೆ ಭಂಡಾರಗಳಿಂದ ವಿವರ ತರಿಸಿಕೊಂಡು ದಾರಿ ತೋರಿಸುತ್ತದೆ. ದೇಶದ ಪಿಎಚ್.ಡಿ. ಪ್ರಬಂಧಗಳ ಭಂಡಾರ ‘ಶೋಧಗಂಗಾ’ ಇರುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನಲ್ಲಿ. ಸಿಂಧನೂರಿನ ವಿದ್ಯಾರ್ಥಿಯೂ ಮನೆಯಲ್ಲೇ ಕುಳಿತು ಅದನ್ನು ತೆರೆಯಬಹುದು. ಆದರೆ ಅಲ್ಲಿಯೂ ‘ಬಸವರಾಜ’ ಯಾವ ಬಸವರಾಜ? ಈ ಗೊಂದಲಕ್ಕಾಗಿಯೇ 2012ರಲ್ಲಿ ‘ಆರ್ಕಿಡ್’ ಎಂಬ 16 ಅಂಕಿಗಳ ಗುರುತು ಬಂತು. ಸಂಶೋಧಕ ಊರು ಬದಲಿಸಲಿ, ಹೆಸರೇ ಬದಲಿಸಲಿ, ಅವರ ಲೇಖನಗಳೆಲ್ಲ ಅದೇ ಸಂಖ್ಯೆಗೆ ಸೇರುತ್ತವೆ. ನೋಂದಣಿ ಉಚಿತ.

ಪಾಲಕರು ಗಮನಿಸಬೇಕಾದದ್ದು ಇನ್ನೆರಡಿವೆ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ; ಆರನೇ ತರಗತಿಯಲ್ಲಿ ಮಾಡಿಸಿದ್ದು ಪಿಯುಸಿ ಹೊತ್ತಿಗೆ ತೀರಿರುತ್ತದೆ. ಹೆಸರಿನ ಅಕ್ಷರಗಳನ್ನಂತೂ, ಇಂಗ್ಲಿಷ್ ಕಾಗುಣಿತ ಮತ್ತು ಇನಿಷಿಯಲ್ ಸಮೇತ, ಮಗು ಹತ್ತನೇ ತರಗತಿಗೆ ಹೋಗುವ ಮುನ್ನವೇ ಆಧಾರ್ ಮತ್ತು ಶಾಲಾ ದಾಖಲೆ ಎರಡನ್ನೂ ಎದುರಿಟ್ಟು ಹೋಲಿಸಿ ನೋಡಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ಅದರಲ್ಲಿನ ಹೆಸರು ತಿದ್ದುವುದು ಊರಿನ ಶಾಲೆಯ ಕೈಯಲ್ಲಿಲ್ಲ. ಕಾಗದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೇ ಹೋಗಬೇಕಾಗುತ್ತದೆ.