ದೋಣಿಯ ತಳಕ್ಕೆ ಬಿದ್ದ ಪೆಟ್ಟು: ದುರಸ್ತಿ, ವಿಮೆ ಮತ್ತು ಲೆಕ್ಕಪತ್ರ

ಕರಾವಳಿಯ ಪ್ರವಾಸೋದ್ಯಮದಲ್ಲಿ ಜಲಕ್ರೀಡೆಗೆ ಇಂದು ಗಣನೀಯ ಸ್ಥಾನವಿದೆ. ಮಲ್ಪೆ, ಮುರುಡೇಶ್ವರ, ಕಾರವಾರಗಳ ತೀರದಲ್ಲಿ ವೇಗದ ದೋಣಿಗಳನ್ನು ನಂಬಿ ಬದುಕು ಕಟ್ಟಿಕೊಂಡ ಉದ್ಯಮಿಗಳು ಅನೇಕರು. ಮಳೆಗಾಲದಲ್ಲಿ ಉಕ್ಕಿ ಹರಿಯುವ ನಮ್ಮ ನದಿಗಳು ಘಟ್ಟದಿಂದ ಮರದ ದಿಮ್ಮಿಗಳನ್ನೂ ತೋಟಗಳಿಂದ ತೆಂಗಿನ ಕಾಂಡಗಳನ್ನೂ ಅಳಿವೆಗೆ ತಂದು ಸೇರಿಸುತ್ತವೆ. ನೀರು ಕುಡಿದ ದಿಮ್ಮಿ ಪೂರ್ಣ ತೇಲುವುದೂ ಇಲ್ಲ, ಪೂರ್ಣ ಮುಳುಗುವುದೂ ಇಲ್ಲ. ಅಂತಹ ದಿಮ್ಮಿಯೊಂದು ನನ್ನ ಕಕ್ಷಿದಾರರೊಬ್ಬರ ಸ್ಕೀ ದೋಣಿಗೆ ತಗುಲಿದಾಗ ಕಲಿತ ಪಾಠವನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಆರು ಸಾವಿರ ರೂಪಾಯಿಯ ವೋಚರು

ಅದು ದಸರಾ ರಜೆಯ ಸಮಯ. ಅಳಿವೆಯ ಬಳಿ ದೋಣಿಯ ಅಡಿಯಲ್ಲಿ 'ಧಡ್' ಎಂಬ ಸದ್ದಾಯಿತು. ಸಂಜೆ ದಡಕ್ಕೆ ಎಳೆದು ನೋಡಿದಾಗ ತಳದಲ್ಲಿ ಅಂಗೈ ಉದ್ದದ ಸೀಳು ಕಂಡಿತು. ಪ್ರವಾಸಿಗರ ಸಂದಣಿಯ ದಿನಗಳಾದ್ದರಿಂದ ಮಾಲೀಕರು ಮರುದಿನವೇ ಫೈಬರ್ ಕೆಲಸದವರನ್ನು ಕರೆಸಿ ಸೀಳನ್ನು ಮುಚ್ಚಿಸಿ ಬಣ್ಣ ಬಳಿಸಿದರು. 'ಫೈಬರ್ ಕೆಲಸ, ರೂ. 6,000' ಎಂಬ ವೋಚರು ನನ್ನ ಕಚೇರಿಗೆ ಬಂತು. ನಾನೂ ಏನೊಂದನ್ನೂ ಕೇಳದೆ ಅದನ್ನು ದುರಸ್ತಿ ಖಾತೆಗೆ ಹಾಕಿಸಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ದೋಣಿ ಭಾರವಾಯಿತು, ವೇಗ ಕುಂದಿತು, ಇಂಧನದ ಖರ್ಚು ಏರಿತು. ತಳವನ್ನು ಬಿಚ್ಚಿದಾಗ ಒಳಗಿನ ಪ್ಲೈವುಡ್ ನೀರು ಹೀರಿ ಕೊಳೆತಿತ್ತು. ಪ್ರೊಪೆಲ್ಲರಿನ ಶಾಫ್ಟ್ ಕೂಡ ಬಾಗಿತ್ತು. ಆಗ ವಿಮಾ ಕಂಪನಿಗೆ ಬರೆದರೆ, ಪೆಟ್ಟಿನ ಮೂಲ ಸ್ವರೂಪವನ್ನು ಸಮೀಕ್ಷಕರು ನೋಡಿಯೇ ಇಲ್ಲವಲ್ಲ ಎಂಬ ಉತ್ತರ ಬಂತು. ಕೊನೆಗೆ ದೊರೆತದ್ದು ಕೇಳಿದ್ದರ ಅಲ್ಪಭಾಗ ಮಾತ್ರ.

ಪೆಟ್ಟು ಬೀಳುವುದೆಲ್ಲಿ?

1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಅನುಬಂಧದಲ್ಲಿ 'ಸ್ಪೀಡ್ ಬೋಟ್' ಎಂಬುದಕ್ಕೆ ಸ್ವಾರಸ್ಯಕರವಾದ ವ್ಯಾಖ್ಯಾನವಿತ್ತು: ನಿಶ್ಚಲ ನೀರಿನಲ್ಲಿ ಗಂಟೆಗೆ 24 ಕಿ.ಮೀ. ಮೀರಿದ ವೇಗದಲ್ಲಿ ಸಾಗಬಲ್ಲ, ಓಡುವಾಗ ಮೂತಿ ನೀರಿನಿಂದ ಮೇಲೇಳುವಂತೆ ರಚಿತವಾದ ಯಂತ್ರದೋಣಿ. ಅಪಾಯದ ಮೂಲವೂ ಇದರಲ್ಲಿಯೇ ಇದೆ. ಮೂತಿ ಮೇಲೆದ್ದಾಗ ಮುಂದಿನ ನೀರು ಚಾಲಕನಿಗೆ ಸರಿಯಾಗಿ ಕಾಣದು. ದಿಮ್ಮಿಯ ಪೆಟ್ಟು ಮೂತಿಯನ್ನು ತಪ್ಪಿಸಿ ಹಿಂದಿನ ತಳಕ್ಕೆ ಬೀಳುತ್ತದೆ. ಸ್ಕೀ ದೋಣಿಯಲ್ಲಿ ಎಂಜಿನ್ ಒಳಗಿದ್ದು, ನೇರ ಸಾಗಲು ನೆರವಾಗುವ ರೆಕ್ಕೆಗಳು, ಶಾಫ್ಟ್, ಅದನ್ನು ಹಿಡಿದಿಡುವ ಸ್ಟ್ರಟ್, ಪ್ರೊಪೆಲ್ಲರ್, ಚುಕ್ಕಾಣಿ ಎಲ್ಲವೂ ತಳದಲ್ಲಿಯೇ ಇರುತ್ತವೆ. ಇವುಗಳನ್ನು ಬಿಗಿದ ಬೋಲ್ಟುಗಳ ಸುತ್ತ ಬಿರುಕು ಬಿಟ್ಟರೆ, ಹೊರಗೆ ತೂತು ಕಾಣದಿದ್ದರೂ ನೀರು ಒಳಸೇರುತ್ತದೆ.

ಸಣ್ಣ ತೂತೆಂದು ಉಪೇಕ್ಷಿಸುವಂತಿಲ್ಲ. ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗೆ 5 ಸೆಂ.ಮೀ. ವ್ಯಾಸದ ತೂತಾದರೆ, ನಿಂತ ದೋಣಿಯೊಳಗೆ ನಿಮಿಷಕ್ಕೆ ಸುಮಾರು 170 ಲೀಟರ್ ನೀರು ನುಗ್ಗುತ್ತದೆ. ಹತ್ತು ನಿಮಿಷಕ್ಕೆ ಒಂದು ಮುಕ್ಕಾಲು ಟನ್ನಿನಷ್ಟು. ಸಣ್ಣ ಪಂಪಿನಿಂದ ಇದನ್ನು ಹೊರಹಾಕಲಾಗದು. ಆದ್ದರಿಂದ ಪ್ರಯಾಣಿಕರಿಗೆ ಜೀವರಕ್ಷಕ ಕವಚ ತೊಡಿಸಿ, ತೂತಿಗೆ ಬಟ್ಟೆ ತುರುಕಿ, ಭಾರವನ್ನು ಎದುರು ಬದಿಗೆ ಸರಿಸಿ ತಡಮಾಡದೆ ದಡ ಸೇರುವುದು ಮೊದಲ ಕೆಲಸ.

ದುರಸ್ತಿಯ ಕ್ರಮ

ಫೈಬರ್‌ಗ್ಲಾಸ್ ತಳವೆಂದರೆ ಒಂದೇ ಹಲಗೆಯಲ್ಲ. ಹೊರಗೆ ಜೆಲ್‌ಕೋಟ್ ಎಂಬ ತೆಳು ಹೊದಿಕೆ, ಅದರ ಹಿಂದೆ ರಾಳದಲ್ಲಿ ನೆನೆಸಿದ ಗಾಜಿನ ನಾರಿನ ಪದರಗಳು, ಅನೇಕ ದೋಣಿಗಳಲ್ಲಿ ನಡುವೆ ಪ್ಲೈವುಡ್ ಅಥವಾ ಫೋಮ್ ಇರುತ್ತವೆ. ಪೆಟ್ಟು ಬಿದ್ದಾಗ ಪದರಗಳು ಒಂದನ್ನೊಂದು ಬಿಟ್ಟುಕೊಳ್ಳುವ ವ್ಯಾಪ್ತಿಯು ಕಣ್ಣಿಗೆ ಕಾಣುವ ಸೀಳಿಗಿಂತ ದೊಡ್ಡದು. ಅನುಭವಿ ಕುಶಲಕರ್ಮಿ ಮೊದಲು ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿ ನೋಡುತ್ತಾನೆ. ಗಟ್ಟಿ ಭಾಗದಿಂದ ಖಣಿಲೆಂಬ ಸದ್ದು ಬಂದರೆ, ಪದರ ಬಿಟ್ಟ ಅಥವಾ ನೀರು ಕುಡಿದ ಭಾಗದಿಂದ ಮಂದ ಸದ್ದು ಬರುತ್ತದೆ. ಆ ಭಾಗವನ್ನೆಲ್ಲ ಕತ್ತರಿಸಿ ತೆಗೆದು, ಉಳಿದದ್ದನ್ನು ಪೂರ್ಣವಾಗಿ ಒಣಗಿಸಬೇಕು. ತೇವದ ಮೇಲೆ ರಾಳ ಹಿಡಿಯದು; ಹಿಡಿದಂತೆ ಕಂಡರೂ ನಿಲ್ಲದು.

ಬಳಿಕ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜುವುದು ವಾಡಿಕೆ. ತಳ 6 ಮಿ.ಮೀ. ದಪ್ಪವಿದ್ದರೆ ಸುತ್ತಲೂ 72 ಮಿ.ಮೀ. ಇಳಿಜಾರು ಬೇಕು. ಹಾಗಾಗಿ 5 ಸೆಂ.ಮೀ. ತೂತಿನ ದುರಸ್ತಿ ಸುಮಾರು 19 ಸೆಂ.ಮೀ. ಅಗಲದ ಕೆಲಸವಾಗುತ್ತದೆ. ಈ ಇಳಿಜಾರಿನ ಮೇಲೆ ಹೊಸ ಪದರಗಳನ್ನು ಒಂದೊಂದಾಗಿ ಕೂರಿಸಬೇಕು. ಹಳೆಯ ತಳಕ್ಕೆ ಅಂಟಿಕೊಳ್ಳುವ ಗುಣದಲ್ಲಿ ಪಾಲಿಯೆಸ್ಟರ್ ರಾಳಕ್ಕಿಂತ ಎಪಾಕ್ಸಿ ಮೇಲು, ಬೆಲೆಯೂ ಹೆಚ್ಚು. ಕೊನೆಗೆ ಶಾಫ್ಟ್, ಸ್ಟ್ರಟ್, ಪ್ರೊಪೆಲ್ಲರುಗಳ ನೇರವನ್ನು ಪರೀಕ್ಷಿಸದೆ ದೋಣಿಯನ್ನು ನೀರಿಗಿಳಿಸಬಾರದು. ಆರು ಸಾವಿರದ ಕೆಲಸದಲ್ಲಿ ಇವು ಯಾವುವೂ ನಡೆದಿರಲಿಲ್ಲ.

ವಿಮೆಯ ಸೂಕ್ಷ್ಮಗಳು

1963ರ ಸಾಗರ ವಿಮಾ ಕಾಯ್ದೆಯಂತೆ ನಷ್ಟವನ್ನು ತಪ್ಪಿಸಲು, ತಗ್ಗಿಸಲು ಸೂಕ್ತ ಕ್ರಮ ಕೈಗೊಳ್ಳುವುದು ವಿಮೆದಾರನ ಕರ್ತವ್ಯ. ದೋಣಿಯನ್ನು ದಡಕ್ಕೆ ತಂದು ನೀರು ತೆಗೆಯುವುದು ಈ ಕರ್ತವ್ಯದಲ್ಲಿ ಸೇರುತ್ತದೆ. ಸಮೀಕ್ಷಕರು ಬರುವ ಮೊದಲೇ ಸೀಳನ್ನು ಮುಚ್ಚಿಬಿಡುವುದು ಸೇರುವುದಿಲ್ಲ. ತಿಳಿಸುವಿಕೆ, ಛಾಯಾಚಿತ್ರ, ಸಮೀಕ್ಷೆ, ಅನಂತರ ದುರಸ್ತಿ: ಈ ಕ್ರಮ ತಪ್ಪಬಾರದು.

ಎರಡನೆಯದು, ಪಾಲಿಸಿಯ ಷರತ್ತುಗಳು. ವಿಹಾರ ದೋಣಿಗಳ ವಿಮೆಯಲ್ಲಿ ಬಳಕೆಯಲ್ಲಿರುವ ಲಂಡನ್ನಿನ 1985ರ ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಸಸ್‌ನಲ್ಲಿ, ವಿನ್ಯಾಸ ವೇಗ 17 ನಾಟ್, ಅಂದರೆ ಗಂಟೆಗೆ ಸುಮಾರು 31 ಕಿ.ಮೀ., ಮೀರಿದ ದೋಣಿಗಳಿಗೆ ಪ್ರತ್ಯೇಕ ಷರತ್ತಿದೆ. ಅದರಂತೆ ಮತ್ತೊಂದು ನೌಕೆ, ಧಕ್ಕೆ ಅಥವಾ ಜೆಟ್ಟಿಯನ್ನು ಬಿಟ್ಟು ಬೇರೆ ವಸ್ತು ತಗುಲಿ ಚುಕ್ಕಾಣಿ, ಸ್ಟ್ರಟ್, ಶಾಫ್ಟ್, ಪ್ರೊಪೆಲ್ಲರುಗಳಿಗೆ ಆದ ಹಾನಿಗೆ ಪರಿಹಾರವಿಲ್ಲ. ಅಂದರೆ ಒಂದೇ ದಿಮ್ಮಿ ಒಂದೇ ಪೆಟ್ಟಿನಲ್ಲಿ ಮಾಡಿದ ಹಾನಿಯಲ್ಲಿ ತಳದ್ದು ವಿಮೆಯೊಳಗೆ, ಶಾಫ್ಟಿನದು ಹೊರಗೆ! ಆದ್ದರಿಂದ ದುರಸ್ತಿಯ ಬಿಲ್ಲಿನಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಬರೆಸಬೇಕು. ನಿಮ್ಮ ಪಾಲಿಸಿಯಲ್ಲಿ ಈ ಷರತ್ತು ಉಂಟೇ ಎಂಬುದನ್ನು ಇಂದೇ ನೋಡಿಕೊಳ್ಳಬೇಕು.

ಮೂರನೆಯದು ಇನ್ನೂ ಗಂಭೀರ. ಕಾಲಾವಧಿ ಪಾಲಿಸಿಯಲ್ಲಿ, ದೋಣಿಯು ಸಂಚಾರಕ್ಕೆ ಯೋಗ್ಯವಲ್ಲವೆಂದು ತಿಳಿದೂ ಮಾಲೀಕನು ಅದನ್ನು ನೀರಿಗಿಳಿಸಿದರೆ, ಆ ಅಯೋಗ್ಯತೆಯಿಂದಾದ ನಷ್ಟಕ್ಕೆ ವಿಮಾ ಕಂಪನಿ ಹೊಣೆಯಲ್ಲ. ಮೇಲುಮೇಲಿನ ತೇಪೆಯೊಂದಿಗೆ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವವರು ಇದನ್ನು ಮರೆಯಬಾರದು.

ಲೆಕ್ಕಪತ್ರ ಮತ್ತು ತೆರಿಗೆ

ಇರುವ ಆಸ್ತಿಯನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚ ಕಂದಾಯ ವೆಚ್ಚ. ಹೊಸ ಆಸ್ತಿ ಅಥವಾ ಹೊಸ ಪ್ರಯೋಜನ ತರುವ ವೆಚ್ಚ ಬಂಡವಾಳ ವೆಚ್ಚ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಮಿನ 'ಚಾಲ್ತಿ ದುರಸ್ತಿ'ಗೆ ಕೊಟ್ಟ ಅರ್ಥದ ತಿರುಳು ಇದೇ. 2026ರ ಏಪ್ರಿಲ್ 1ರಿಂದ ಆ ಕಾಯ್ದೆಯ ಸ್ಥಾನಕ್ಕೆ 2025ರ ಕಾಯ್ದೆ ಬಂದರೂ ಈ ವಿವೇಚನೆ ಉಪಯುಕ್ತವೇ. ಸೀಳಿದ ತಳದ ದುರಸ್ತಿ ಮೊದಲ ವರ್ಗದ್ದು. ಅದೇ ನೆಪದಲ್ಲಿ ಹೆಚ್ಚು ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ ಅದು ಎರಡನೆಯದು.

ಸರಕು ಮತ್ತು ಸೇವಾ ತೆರಿಗೆಯ 17(5)ನೇ ಕಲಮಿನಂತೆ, ನೌಕೆಯ ದುರಸ್ತಿ ಹಾಗೂ ವಿಮೆಯ ಮೇಲಿನ ಹೂಡುವಳಿ ತೆರಿಗೆ ಜಮೆಯು ಪ್ರಯಾಣಿಕರ ಸಾಗಣೆ, ಸರಕು ಸಾಗಣೆ, ನೌಕಾಚಾಲನೆಯ ತರಬೇತಿ ಮುಂತಾದ ನಿರ್ದಿಷ್ಟ ಉದ್ದೇಶಗಳಿಗೆ ಮಾತ್ರ ಲಭ್ಯ. ಖಾಸಗಿ ವಿಹಾರಕ್ಕಿಟ್ಟ ದೋಣಿಗೆ ಇದು ಸಿಗದು. ಜಲಕ್ರೀಡಾ ಸಂಸ್ಥೆಗಳು ತಮ್ಮ ಸೇವೆ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಇನ್ನು ವಿಮಾ ಪರಿಹಾರವನ್ನು ಅರ್ಜಿ ಹಾಕಿದಾಕ್ಷಣ ಆದಾಯವೆಂದು ತೋರಿಸುವಂತಿಲ್ಲ. ಅದು ಬರುವುದು ಬಹುತೇಕ ನಿಶ್ಚಿತವಾದಾಗಲೇ ಪುಸ್ತಕಕ್ಕೆ ಬರಬೇಕು.

ಕಂಪನಿ ಕಾಯ್ದೆ, 2013ರ ಎರಡನೇ ಅನುಸೂಚಿಯು ಒಳನಾಡು ಜಲಗಳಲ್ಲಿ ಸಂಚರಿಸುವ ಸ್ಪೀಡ್ ಬೋಟಿಗೆ 13 ವರ್ಷಗಳ ಆಯುಷ್ಯವನ್ನು ಗೊತ್ತುಪಡಿಸಿದೆ. ಆದರೆ ಒಳಗೆ ಕೊಳೆಯುತ್ತಿರುವ ದೋಣಿ ಅನುಸೂಚಿಯನ್ನು ಓದಿಲ್ಲ! ಪುಸ್ತಕದಲ್ಲಿ ಲಕ್ಷಗಟ್ಟಲೆ ಮೌಲ್ಯ ಉಳಿದಿರುವಾಗಲೇ ಅದು ನಿಷ್ಪ್ರಯೋಜಕವಾಗಬಹುದು.

ಮುಚ್ಚುವ ಮೊದಲು ತೆರೆದು ನೋಡಬೇಕು. ಈ ಮಾತು ದೋಣಿಯ ತಳಕ್ಕೂ ಲೆಕ್ಕದ ಪುಸ್ತಕಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಅಂದು ಆ ಸಣ್ಣ ವೋಚರನ್ನು ಕಂಡಾಗ 'ಏನಾಯಿತು?' ಎಂದು ಒಂದು ಮಾತು ಕೇಳಿದ್ದರೆ ಸಮೀಕ್ಷಕರು ಸಕಾಲಕ್ಕೆ ಬರುತ್ತಿದ್ದರು. ಎರಡು ತಿಂಗಳ ಕಾಲ ಪ್ರವಾಸಿಗರು ಕೊಳೆತ ತಳದ ಮೇಲೆ ಕುಳಿತು ಸಾಗುವುದೂ ತಪ್ಪುತ್ತಿತ್ತು. ಅದೃಷ್ಟವಶಾತ್ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಈಗ ನಮ್ಮ ಕಚೇರಿಯಲ್ಲಿ 'ದುರಸ್ತಿ' ಎಂಬ ಶೀರ್ಷಿಕೆಯ ಯಾವ ವೋಚರೂ ಕಾರಣ ಬರೆಯದೆ ಮುಂದೆ ಹೋಗುವುದಿಲ್ಲ.