ಹಳೆಯ ಸ್ಯಾಕ್ಸೊಫೋನಿನ ವಯಸ್ಸನ್ನು ತಿಳಿಯುವ ಬಗೆ

ದಕ್ಷಿಣ ಕನ್ನಡದ ದೇವಾಲಯಗಳ ಉತ್ಸವಗಳಲ್ಲಿಯೂ ಮದುವೆಯ ಮಂಟಪಗಳಲ್ಲಿಯೂ ನಾಗಸ್ವರದ ಸ್ಥಾನದಲ್ಲಿ ಸ್ಯಾಕ್ಸೊಫೋನು ಕೇಳಿಬರುವುದು ಇಂದು ಅಪರೂಪವಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ರೂಪಿಸಿ, 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟು ಪಡೆದ ವಾದ್ಯವಿದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು (1949–2019) ಕರ್ನಾಟಕ ಸಂಗೀತದ ಗಮಕಗಳನ್ನು ಇದರಲ್ಲಿ ನುಡಿಸಿ ತೋರಿಸಿದ ಮೇಲೆ, ನಮ್ಮ ನಾಡಿನ ಅನೇಕ ತರುಣರು ಈ ವಾದ್ಯವನ್ನು ಕೈಗೆತ್ತಿಕೊಂಡರು.

ಆದರೆ ಹೆಸರಾಂತ ಫ್ರೆಂಚ್ ತಯಾರಕರ ಹೊಸ ವಾದ್ಯಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕು. ಉತ್ಸವ, ಮದುವೆಗಳಲ್ಲಿ ನುಡಿಸಿ ಸಂಸಾರ ಸಾಗಿಸುವ ಕಲಾವಿದನು ಸಹಜವಾಗಿಯೇ ಹಳೆಯ ವಾದ್ಯವನ್ನು ಅರಸುತ್ತಾನೆ. ಮಾರುವವನು ಅದರ ಬೆನ್ನಿನ ಮೇಲೆ ಕೊರೆದ ಕ್ರಮಸಂಖ್ಯೆಯನ್ನು ತೋರಿಸಿ, ಇದು ಇಂಥ ವರ್ಷದ್ದು, ಆದುದರಿಂದ ಇಷ್ಟು ಬೆಲೆ ಎನ್ನುತ್ತಾನೆ. ಆ ಸಂಖ್ಯೆಯು ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯ ವಾಚಕರಿಗೆ ಇದನ್ನು ತಿಳಿಸುವುದು ಸುಲಭ. ತೆಂಗಿನ ಗರಿ ಕಳಚಿಬಿದ್ದ ಕಡೆ ಕಾಂಡದ ಮೇಲೆ ಬಳೆಯಂಥ ಗುರುತು ಉಳಿಯುತ್ತದೆ. ಚೆನ್ನಾಗಿ ಬೆಳೆದ ಮರವು ವರ್ಷಕ್ಕೆ ಸುಮಾರು ಹನ್ನೆರಡು ಗರಿಗಳನ್ನು ಬಿಡುವುದರಿಂದ, ಗುರುತುಗಳನ್ನು ಎಣಿಸಿ ಹನ್ನೆರಡರಿಂದ ಭಾಗಿಸಿ, ಕಾಂಡ ಕಾಣಿಸಿಕೊಳ್ಳುವ ಮುಂಚಿನ ಕೆಲವು ವರ್ಷಗಳನ್ನು ಕೂಡಿಸಿದರೆ ಮರದ ವಯಸ್ಸು ಸ್ಥೂಲವಾಗಿ ದೊರೆಯುತ್ತದೆ. ಇಲ್ಲಿ ನಾವು ಎಣಿಸಿದ್ದು ಗುರುತುಗಳನ್ನು, ವರ್ಷಗಳನ್ನಲ್ಲ. ಒಂದನ್ನು ಮತ್ತೊಂದಕ್ಕೆ ಬದಲಿಸಿದ್ದು ವರ್ಷಕ್ಕೆ ಹನ್ನೆರಡು ಎಂಬ ದರ. ಆ ದರವು ಎಳೆಯ ಮರದಲ್ಲಿ ಒಂದು, ಬಲಿತ ಮರದಲ್ಲಿ ಇನ್ನೊಂದು.

ಕ್ರಮಸಂಖ್ಯೆಯೂ ಅಂಥದೇ ಎಣಿಕೆ. ಪ್ಯಾರಿಸಿನ ಸೆಲ್ಮರ್ ಸಂಸ್ಥೆಯ 'ಮಾರ್ಕ್ ಸಿಕ್ಸ್' ಎಂಬ ಪ್ರಸಿದ್ಧ ಮಾದರಿಯನ್ನು ತೆಗೆದುಕೊಳ್ಳೋಣ. 1954ರಲ್ಲಿ ಅದರ ಸಂಖ್ಯೆಗಳು ಸುಮಾರು 55,200ರಿಂದ ಮೊದಲಾಗಿ, 1974ರ ಕೊನೆಗೆ ಸುಮಾರು 2,31,000ಕ್ಕೆ ಮುಟ್ಟಿದವು. ಇಪ್ಪತ್ತೊಂದು ವರ್ಷಗಳ ಸರಾಸರಿ ವರ್ಷಕ್ಕೆ ಸುಮಾರು 8,400. ಈ ಲೆಕ್ಕದಂತೆ 1,00,000ನೆಯ ವಾದ್ಯವು 1959ರಲ್ಲಿ ಹುಟ್ಟಿರಬೇಕು. ತಯಾರಕರ ಪಟ್ಟಿಯಾದರೋ 1962 ಎನ್ನುತ್ತದೆ! ಮೊದಲ ವರ್ಷಗಳಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರವಿದ್ದ ತಯಾರಿಕೆಯು 1970ರ ದಶಕದಲ್ಲಿ ಹತ್ತು ಸಾವಿರವನ್ನು ಮೀರಿದ್ದೇ ಈ ವ್ಯತ್ಯಾಸಕ್ಕೆ ಕಾರಣ. ಆದಕಾರಣ ಸರಾಸರಿಯನ್ನು ನಂಬದೆ, ವರ್ಷವರ್ಷದ ಪಟ್ಟಿಯನ್ನೇ ನೋಡಬೇಕು. ಆ ಪಟ್ಟಿಯೂ ಸ್ಥೂಲವಾದದ್ದೇ. ಒಂದು ವರ್ಷದ ಆಚೆ ಈಚೆ ಆಗುವುದುಂಟು.

ಐದು ಅಂಕಿಗಳ 'ಮಾರ್ಕ್ ಸಿಕ್ಸ್' ವಾದ್ಯಕ್ಕೆ ಕೊಳ್ಳುವವರು ಹೆಚ್ಚು ಬೆಲೆ ಕೊಡುತ್ತಾರೆ. 99,999 ಮತ್ತು 1,00,000 ಒಂದೇ ವರ್ಷದಲ್ಲಿ, ಒಂದೇ ಕಾರ್ಖಾನೆಯಲ್ಲಿ ಆದವು. ಅಂಕಿಗಳು ಐದರಿಂದ ಆರಾದುದನ್ನು ಹಿತ್ತಾಳೆಯು ಅರಿಯಲಾರದು.

ಇನ್ನು ಸಂಖ್ಯೆಯಲ್ಲದ ಸಂಖ್ಯೆಗಳು. ಅಮೆರಿಕದ ಕಾನ್ ಸಂಸ್ಥೆಯ ಅನೇಕ ಹಳೆಯ ವಾದ್ಯಗಳ ಮೇಲೆ 1914ನೆಯ ಡಿಸೆಂಬರ್ 8 ಎಂಬ ತಾರೀಖೂ 1119954 ಎಂಬ ಸಂಖ್ಯೆಯೂ ಇರುತ್ತವೆ. ಇವು ರಂಧ್ರಗಳ ಅಂಚನ್ನು ಕೊಳವೆಯ ತಗಡಿನಿಂದಲೇ ಎಳೆದು ಮಾಡುವ ವಿಧಾನದ ಪೇಟೆಂಟಿಗೆ ಸಂಬಂಧಿಸಿದವು. ಮುಂದೆ ಬಹುಕಾಲ ತಯಾರಾದ ವಾದ್ಯಗಳೂ ಈ ತಾರೀಖನ್ನೇ ಹೊತ್ತಿವೆ. ನಿಜವಾದ ಕ್ರಮಸಂಖ್ಯೆ ಬೇರೆಯೇ ಇದ್ದು, ಅದರ ಜೊತೆಯಲ್ಲಿ 'ಎಂ' ಅಕ್ಷರವಿರುತ್ತದೆ. ಕೆಲವು ವಾದ್ಯಗಳನ್ನು ದೊಡ್ಡ ಕಾರ್ಖಾನೆಗಳು ಅಂಗಡಿಯವರ ಹೆಸರಿನಲ್ಲಿ ಮಾಡಿಕೊಟ್ಟದ್ದೂ ಉಂಟು. ಅವುಗಳಿಗೆ ಕಾರ್ಖಾನೆಯ ಮುಖ್ಯ ಪಟ್ಟಿಯು ಅನ್ವಯಿಸದೆ ಹೋಗಬಹುದು. ಕುತ್ತಿಗೆಯ ಮೇಲೂ ಸಂಖ್ಯೆಯಿದ್ದು, ಅದು ಒಡಲಿನ ಸಂಖ್ಯೆಯೊಡನೆ ಹೊಂದದಿದ್ದರೆ, ಕುತ್ತಿಗೆ ಬೇರೊಂದು ವಾದ್ಯದಿಂದ ಬಂದಿರುವ ಸಂಭವ ಹೆಚ್ಚು.

ಆದರೆ ಬಡ ಕಲಾವಿದನ ಹಣವನ್ನು ನಿಜವಾಗಿ ಮುಳುಗಿಸಬಲ್ಲುದು ಕ್ರಮಸಂಖ್ಯೆಯಲ್ಲ, ಅದರ ಬಳಿಯಿರುವ ಒಂದು ಪುಟ್ಟ ಅಕ್ಷರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ತಯಾರಕರು ಎರಡು ಬಗೆಯ ಶ್ರುತಿಗೆ ವಾದ್ಯಗಳನ್ನು ಮಾಡುತ್ತಿದ್ದರು. 'ಎಲ್' ಎಂದರೆ ತಗ್ಗಿನ ಶ್ರುತಿ. ಅದರ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳು, ಇಂದಿನ ರೂಢಿಯಂತೆಯೇ. 'ಎಚ್' ಎಂದರೆ ಎತ್ತರದ ಶ್ರುತಿ. ಅದಕ್ಕೆ ಸುಮಾರು 457. ವ್ಯತ್ಯಾಸವು ನೂರಕ್ಕೆ ನಾಲ್ಕರೊಳಗೆ, ಅಂದರೆ ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಣ ಅಂತರದ ಮೂರರಲ್ಲಿ ಎರಡು ಪಾಲು.

ಮೌತ್‌ಪೀಸನ್ನು ಸ್ವಲ್ಪ ಹೊರಕ್ಕೆ ಎಳೆದು ಕೊಳವೆಯನ್ನು ಉದ್ದ ಮಾಡಿದರೆ ಸಾಲದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಲದು. ಕಂಪನಸಂಖ್ಯೆಯು ಗಾಳಿಯ ಕಂಬದ ಉದ್ದಕ್ಕೆ ವಿಲೋಮಾನುಪಾತದಲ್ಲಿದೆ. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಯಾವ ಕೀಯನ್ನೂ ಒತ್ತದೆ ಊದಿದಾಗ ಈ ಉದ್ದ ಸುಮಾರು 52 ಸೆಂಟಿಮೀಟರು. ಎಲ್ಲ ರಂಧ್ರಗಳನ್ನೂ ಮುಚ್ಚಿ ಅತಿ ಮಂದ್ರದ ಸ್ವರವನ್ನು ಊದಿದಾಗ ಸುಮಾರು 124. 'ಎಚ್' ವಾದ್ಯವನ್ನು 440ಕ್ಕೆ ಇಳಿಸಲು ಮೊದಲನೆಯದಕ್ಕೆ ಸುಮಾರು 2 ಸೆಂಟಿಮೀಟರು ಕೂಡಿಸಬೇಕು, ಎರಡನೆಯದಕ್ಕೆ ಸುಮಾರು ನಾಲ್ಕೂಮುಕ್ಕಾಲು. ಮೌತ್‌ಪೀಸಾದರೋ ಎರಡಕ್ಕೂ ಒಂದೇ ಉದ್ದವನ್ನು ಕೂಡಿಸುತ್ತದೆ! ಮೇಲಿನ ಸ್ವರವನ್ನು ಸರಿಪಡಿಸಿದರೆ ಮಂದ್ರದ ಸ್ವರವು ನೂರಕ್ಕೆ ಎರಡರಷ್ಟು ಏರಿಯೇ ಉಳಿಯುತ್ತದೆ. 81/80 ಎಂಬ ಪ್ರಮಾಣಶ್ರುತಿಯು ನೂರಕ್ಕೆ ಒಂದೂಕಾಲು ಮಾತ್ರ; ಅಷ್ಟನ್ನು ಗುರುತಿಸಬಲ್ಲ ಕಿವಿಗೆ ಈ ಅಪಶ್ರುತಿ ಅಸಹ್ಯವಾಗದೆ ಇರದು. ತಂಬೂರಿಯ ಶ್ರುತಿಯನ್ನೇ ವಾದ್ಯಕ್ಕೆ ತಕ್ಕಂತೆ ಏರಿಸಿಕೊಂಡು ಒಬ್ಬನೇ ನುಡಿಸುವವನು ಹೇಗೋ ನಿಭಾಯಿಸಿಯಾನು. ಹಾರ್ಮೋನಿಯಂ ಅಥವಾ ಮತ್ತೊಂದು ಸ್ಯಾಕ್ಸೊಫೋನಿನ ಜೊತೆಯಲ್ಲಿ ನುಡಿಸಬೇಕಾದವನಿಗೆ ಅದೂ ಸಾಧ್ಯವಿಲ್ಲ.

ಅಕ್ಷರವು ಸವೆದುಹೋಗಿದ್ದರೂ ಪರೀಕ್ಷೆ ಕಷ್ಟವಲ್ಲ. ಶ್ರುತಿ ತೋರಿಸುವ ಸಣ್ಣ ವಿದ್ಯುನ್ಮಾನ ಉಪಕರಣವೊಂದನ್ನು ಎದುರಿಗಿಟ್ಟು, ಮೇಲೆ ಹೇಳಿದ ಎರಡು ಸ್ವರಗಳನ್ನೇ ಊದಬೇಕು. ಮೌತ್‌ಪೀಸಿನ ಒಂದೇ ನೆಲೆಯಲ್ಲಿ ಎರಡೂ 440ರ ಲೆಕ್ಕಕ್ಕೆ ಹೆಚ್ಚುಕಡಿಮೆ ಹೊಂದಿಕೊಂಡರೆ ವಾದ್ಯವು 'ಎಲ್' ಬಗೆಯದು. ಒಂದು ಹೊಂದುವಾಗ ಮಂದ್ರದ ಸ್ವರವು ಬಹಳ ಏರಿ ನಿಂತರೆ, ಕ್ರಮಸಂಖ್ಯೆ ಎಷ್ಟೇ ಪುರಾತನವಾಗಿದ್ದರೂ ಮುಂಗಡ ಕೊಡದೆ ಹಿಂದಿರುಗುವುದು ಲೇಸು.